ಮಾತ್ರೆ ಬಿಡುವ ಮನಸ್ಸು: ಹುಣಸೆ ಬೀಜದಲ್ಲಿ ಒಂದು ಆರೋಗ್ಯ ಪಾಠ

ನಮ್ಮ ದವಾಖಾನೆಗೆ ಬೀಡಿ ಕಟ್ಟುವ ಒಬ್ಬ ತಾಯಿ ಕೆಮ್ಮಿಗೆಂದು ಬರುತ್ತಿದ್ದರು. ಮೊದಲ ಸಲ ಲಊಕ್ ಸಪಿಸ್ತಾನ್ ಕೊಟ್ಟು ಕಳಿಸಿದೆ. ಹತ್ತು ದಿನ ಬಿಟ್ಟು ಮತ್ತೆ ಬಂದರು. ಬೀಡಿ ಪುಡಿಯ ಕೆಮ್ಮು ಇರಬೇಕು ಎಂದು ಅದನ್ನೇ ಮತ್ತೆ ಕೊಟ್ಟೆ. ಮೂರನೇ ಸಲ ಬಂದಾಗ ರವಿಕೆ ಸಡಿಲವಾಗಿತ್ತು, ಕಣ್ಣು ಒಳಗೆ ಹೋಗಿತ್ತು. ಆಗ ಕಫ ಪರೀಕ್ಷೆಗೆ ಸರಕಾರಿ ಆಸ್ಪತ್ರೆಗೆ ಕಳಿಸಿದೆ. ಕ್ಷಯ ಎಂದು ಗೊತ್ತಾಯಿತು, ಉಚಿತ ಚಿಕಿತ್ಸೆ ಶುರುವಾಯಿತು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ತೂಕ ಏರಿತು. ಇನ್ನೆರಡು ತಿಂಗಳು ಕಳೆದ ಮೇಲೆ ಅದೇ ಕೆಮ್ಮಿನೊಂದಿಗೆ ನನ್ನ ಮುಂದೆ ಕೂತಿದ್ದರು. ಮಾತ್ರೆ ನಿಲ್ಲಿಸಿದ್ದರು. ನಾನು ಗದರಿದೆ. "ಇಷ್ಟು ನಿರ್ಲಕ್ಷ್ಯ ಮಾಡಿದರೆ ಹೇಗಮ್ಮ?" ಎಂದೆ. ಅವರು ತಲೆ ತಗ್ಗಿಸಿದರು. ಜೊತೆಗೆ ಬಂದಿದ್ದ, ಒಂಬತ್ತನೇ ತರಗತಿಯ ಮಗಳು ಮೆಲ್ಲಗೆ ಹೇಳಿದಳು: "ಡಾಕ್ಟರ್ ಸಾಬ್, ಅಮ್ಮಿಗೆ ಮೂತ್ರ ಕೆಂಪಗೆ ಹೋಗುತ್ತಿತ್ತು. ರಕ್ತ ಹೋಗುತ್ತಿದೆ ಅಂತ ಹೆದರಿದರು. ಯಾರನ್ನೂ ಕೇಳೋಕೆ ನಾಚಿಕೆ ಆಯ್ತು. ಹೇಗೂ ಕೆಮ್ಮು ನಿಂತಿದೆಯಲ್ಲ ಅಂತ ಬಿಟ್ಟುಬಿಟ್ಟರು."

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ಮೂತ್ರ, ಬೆವರು, ಕಣ್ಣೀರನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಇದರಿಂದ ಅಪಾಯವಿಲ್ಲ. ನನಗೆ ಅದು ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಎರಡು ಸಲ ಕೆಮ್ಮಿನ ಔಷಧ ಕೊಟ್ಟು ತಡ ಮಾಡಿದವನೂ ನಾನೇ. ಆದರೂ ನಿರ್ಲಕ್ಷ್ಯ ಎಂಬ ಮಾತು ಅವರ ಮೇಲೆ ಬಿತ್ತು.

ಅದಾದ ಮೇಲೆ ನಮ್ಮೂರಿನ ಒಬ್ಬ ವಿಜ್ಞಾನ ಶಿಕ್ಷಕರ ಜೊತೆ ಕೂತು ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಒಂದು ಪಾಠ ತಯಾರಿಸಿದೆವು. ರೋಗಾಣು, ಔಷಧ, ಶ್ವಾಸಕೋಶ ಇವುಗಳ ಜೊತೆಗೆ ಮನುಷ್ಯನ ಮನಸ್ಸನ್ನೂ ಲೆಕ್ಕಕ್ಕೆ ತರುವ ಪಾಠ ಅದು. ಶಾಲೆಯಲ್ಲಿ ಮಾಡಬಹುದು, ಊಟದ ನಂತರ ಮನೆಯಲ್ಲಿ ಚಾಪೆ ಹಾಸಿಕೊಂಡೂ ಮಾಡಬಹುದು.

ವ್ಯವಸ್ಥಾ ಮಾದರಿ ಎಂದರೇನು?

ಮನೆಯ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಮೋಟಾರ್ ಹಾಕಿದರೆ ನೀರು ಒಳಗೆ ಬರುತ್ತದೆ, ನಲ್ಲಿ ತಿರುಗಿಸಿದರೆ ಹೊರಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಇರುವ ನೀರು ಸಂಗ್ರಹ. ಬರುವುದು, ಹೋಗುವುದು ಹರಿವು. ಟ್ಯಾಂಕ್ ತುಂಬಿ ಸುರಿಯುವ ಸದ್ದು ಕೇಳಿ ಮೋಟಾರ್ ಆಫ್ ಮಾಡುತ್ತೇವೆ. ಅಂದರೆ ಫಲಿತಾಂಶವೇ ತಿರುಗಿ ಬಂದು ಕಾರಣವನ್ನು ಬದಲಾಯಿಸಿತು. ಇದು ಮರುಪರಿಣಾಮ. ಸದ್ದು ಕೇಳಿಯೂ ಕೈಯಲ್ಲಿದ್ದ ಕೆಲಸ ಮುಗಿಸಿ ಏಳುವಷ್ಟರಲ್ಲಿ ಒಂದಷ್ಟು ನೀರು ವ್ಯರ್ಥವಾಗುತ್ತದೆ. ಇದು ತಡ. ಸಂಗ್ರಹ, ಹರಿವು, ಮರುಪರಿಣಾಮ, ತಡ, ಈ ನಾಲ್ಕನ್ನು ಬಳಸಿ ಯಾವುದೇ ವಿಷಯವನ್ನು ಚಿತ್ರವಾಗಿ ಬರೆದು ಲೆಕ್ಕ ಹಾಕುವುದೇ ವ್ಯವಸ್ಥಾ ಮಾದರಿ.

ಈ ವಿಧಾನವನ್ನು ಬೆಳೆಸಿದವರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೇ ಫಾರೆಸ್ಟರ್. ಮೂಲತಃ ಇಂಜಿನಿಯರ್. 1961ರಲ್ಲಿ ಪ್ರಕಟವಾದ 'ಇಂಡಸ್ಟ್ರಿಯಲ್ ಡೈನಾಮಿಕ್ಸ್' ಎಂಬ ಗ್ರಂಥದಲ್ಲಿ ಅವರು ಇದನ್ನು ವಿವರಿಸಿದರು. ಮುಂದೆ ಅಲ್ಲಿನ ಅರಿಝೋನಾ ರಾಜ್ಯದ ಟಕ್ಸನ್ ನಗರದ ಶಾಲೆಯಂತಹ ಕಡೆಗಳಲ್ಲಿ ಮಕ್ಕಳಿಗೂ ಇದನ್ನು ಕಲಿಸಲಾಯಿತು. ಫಾರೆಸ್ಟರ್ ಹೇಳಿದ ಒಂದು ವಿಚಾರ ವೈದ್ಯನಾದ ನನಗೆ ಬಹಳ ಮುಖ್ಯವಾಗಿ ಕಂಡಿತು. ಭಯ, ನಂಬಿಕೆ, ಅಭ್ಯಾಸ ಇವನ್ನು ಅಳೆಯಲು ಬರುವುದಿಲ್ಲ ಎಂದು ಲೆಕ್ಕದಿಂದ ಬಿಟ್ಟರೆ, ಅವುಗಳ ಪರಿಣಾಮ ಸೊನ್ನೆ ಎಂದು ಬರೆದಂತಾಗುತ್ತದೆ. ಸರಿಯಾದ ಅಂಕಿ ಯಾವುದೆಂದು ಗೊತ್ತಿಲ್ಲದಿದ್ದರೂ ಸೊನ್ನೆ ಮಾತ್ರ ತಪ್ಪು ಎಂಬುದು ಖಚಿತ.

ಯುನಾನಿ ಓದಿದವರಿಗೆ ಇದು ಹೊಸ ಮಾತಲ್ಲ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳು, ಅಂದರೆ ಅಸ್ಬಾಬೆ ಸಿತ್ತಾ ಜರೂರಿಯಾ, ನಮ್ಮ ಮೊದಲ ಪಾಠಗಳಲ್ಲೇ ಬರುತ್ತವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ಮನಸ್ಸಿಗೆ ಗಾಳಿ, ಅನ್ನದ ಸಾಲಿನಲ್ಲೇ ಜಾಗ ಕೊಟ್ಟ ವಿದ್ಯೆಯಲ್ಲಿ ಪದವಿ ಪಡೆದೂ ಆ ದಿನ ನಾನು ಅದನ್ನು ಮರೆತಿದ್ದೆ.

ಮೊದಲ ಆಟ: ಮನಸ್ಸಿಲ್ಲದ ಮಾದರಿ

ಬೇಕಾದದ್ದು ಒಂದು ತಟ್ಟೆ, ನೂರರಷ್ಟು ಹುಣಸೆ ಬೀಜ, ಹತ್ತಾರು ಸಣ್ಣ ಕಲ್ಲು, ಒಂದು ಹಾಳೆ. ತಟ್ಟೆ ರೋಗಿಯ ದೇಹ. ಬೀಜಗಳು ರೋಗಾಣು. 64 ಬೀಜ ಹಾಕಿ. ನಿಯಮ ಮೂರು:

1. ಮಾತ್ರೆ ತೆಗೆದುಕೊಂಡ ತಿಂಗಳಲ್ಲಿ ಬೀಜ ಅರ್ಧವಾಗುತ್ತದೆ.
2. ತೆಗೆದುಕೊಳ್ಳದ ತಿಂಗಳಲ್ಲಿ ಎರಡರಷ್ಟಾಗುತ್ತದೆ.
3. ತಟ್ಟೆಯಲ್ಲಿ 20ಕ್ಕಿಂತ ಹೆಚ್ಚು ಬೀಜವಿದ್ದರೆ ಮಾತ್ರ ಕೆಮ್ಮು, ಜ್ವರ. 20 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗಿಗೆ ಆರಾಮ.

ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡರೆ 32, 16, 8, 4, 2, 1. ಉಳಿದ ಒಂದನ್ನು ದೇಹದ ರೋಗನಿರೋಧಕ ಶಕ್ತಿ ನೋಡಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಟ ಮುಗಿಯಿತು, ರೋಗಿ ಗುಣ.

ಇದು ಸರಳ ಮಾಡಿದ ಲೆಕ್ಕ ಎಂದು ಮಕ್ಕಳಿಗೆ ಮೊದಲೇ ಹೇಳಿ. ನಿಜದಲ್ಲಿ ಔಷಧ ಶುರುವಾದ ಮೊದಲ ವಾರಗಳಲ್ಲೇ ಬಹುಪಾಲು ರೋಗಾಣುಗಳು ಸಾಯುತ್ತವೆ. ನಿದ್ದೆ ಹೋದಂತೆ ಸುಮ್ಮನಿರುವ ಕೆಲವು ಮಾತ್ರ ಉಳಿದುಕೊಳ್ಳುತ್ತವೆ. ಅವುಗಳಿಗಾಗಿಯೇ ಉಳಿದ ತಿಂಗಳುಗಳು. ನಮ್ಮ ದೇಶದಲ್ಲಿ ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರ ನಾಲ್ಕು ತಿಂಗಳು ಮೂರು ಔಷಧ ಕೊಡುತ್ತಾರೆ.

ಎರಡನೇ ಆಟ: ಆರಾಮವಾದರೆ ಸಾಕು

ಈಗ ಒಂದೇ ಒಂದು ಮನುಷ್ಯ ಸ್ವಭಾವ ಸೇರಿಸಿ. ಆರಾಮವಾದ ಕೂಡಲೇ ರೋಗಿ ಮಾತ್ರೆ ಬಿಡುತ್ತಾನೆ. ಕೆಮ್ಮು ಮರಳಿದಾಗ "ಥಂಡಿ ಇರಬೇಕು" ಎಂದು ಒಂದು ತಿಂಗಳು ತಡ ಮಾಡಿ, ಆಮೇಲೆ ಮತ್ತೆ ಶುರು ಮಾಡುತ್ತಾನೆ.

ಎಣಿಸಿ ನೋಡಿ. ಮೊದಲ ತಿಂಗಳು 32, ಎರಡನೇ ತಿಂಗಳು 16. ಆರಾಮ, ಮಾತ್ರೆ ಬಂದ್. ಮೂರನೇ ತಿಂಗಳು 32, ಕೆಮ್ಮು ಮರಳಿತು, ಆದರೂ ತಡ. ನಾಲ್ಕನೇ ತಿಂಗಳು 64. ಮಾತ್ರೆ ಮತ್ತೆ ಶುರು. 32, 16, ಮತ್ತೆ ಬಂದ್. 32, 64. ಹೀಗೆ ಹನ್ನೆರಡನೇ ತಿಂಗಳ ಕೊನೆಗೂ ತಟ್ಟೆಯಲ್ಲಿ 64 ಬೀಜ!

ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಈ ರೋಗಿ ವರ್ಷದಲ್ಲಿ ಒಟ್ಟು ಎಷ್ಟು ತಿಂಗಳು ಮಾತ್ರೆ ನುಂಗಿದ? ಲೆಕ್ಕ ಹಾಕಿದರೆ ಆರು ತಿಂಗಳು. ಮೊದಲ ಆಟದ ರೋಗಿ ನುಂಗಿದಷ್ಟೇ ಔಷಧ. ಅವನು ಗುಣವಾದ, ಇವನು ಹೊರಟ ಜಾಗದಲ್ಲೇ ನಿಂತ. ನಮ್ಮೂರಿನ ತರಗತಿಯಲ್ಲಿ ಈ ಲೆಕ್ಕ ಹೊರಬಿದ್ದಾಗ ಮಕ್ಕಳು ತಪ್ಪೆಣಿಸಿದೆವೇನೋ ಎಂದು ಇನ್ನೊಂದು ಸಲ ಎಣಿಸಿದರು. ಔಷಧ ಒಂದೇ, ಪ್ರಮಾಣ ಒಂದೇ. ಬೇರೆಯಾದದ್ದು ಬಿಡುವ ಮನಸ್ಸು ಮಾತ್ರ.

ಇನ್ನೊಂದು ಅಪಾಯವನ್ನೂ ತೋರಿಸಬಹುದು. ನಾಲ್ಕನೇ ತಿಂಗಳ ಕೊನೆಗೆ, ಮಾತ್ರೆ ಮತ್ತೆ ಶುರು ಮಾಡುವಾಗ, ಪಕ್ಕದ ತಟ್ಟೆಯಲ್ಲಿ ಕೆಂಪು ಬಣ್ಣ ಹಚ್ಚಿದ ಒಂದು ಬೀಜ ಇಡಿ. ಇದಕ್ಕೆ ಆ ಮಾತ್ರೆ ತಾಗುವುದಿಲ್ಲ, ಪ್ರತಿ ತಿಂಗಳೂ ಎರಡರಷ್ಟಾಗುತ್ತದೆ. ಎಂಟನೇ ತಿಂಗಳಿಗೆ 16, ಒಂಬತ್ತನೇ ತಿಂಗಳಿಗೆ 32. ಆಗ ಮಾತ್ರೆ ನುಂಗುತ್ತಿದ್ದರೂ ಕೆಮ್ಮು ನಿಲ್ಲುವುದಿಲ್ಲ. ಬಿಟ್ಟು ಬಿಟ್ಟು ಔಷಧ ತೆಗೆದುಕೊಂಡಾಗ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿಕೊಳ್ಳುವ ಬಗೆಯನ್ನು ಇದು ಸ್ಥೂಲವಾಗಿ ತೋರಿಸುತ್ತದೆ. ಅಂತಹ ಕ್ಷಯ ಮನೆಯ ಇತರರಿಗೂ ಅದೇ ರೂಪದಲ್ಲಿ ಹರಡಬಲ್ಲದು.

ಮೂರನೇ ಆಟ: ಮನಸ್ಸಿನ ಬಟ್ಟಲು

ಎರಡನೇ ಆಟದಲ್ಲಿ ರೋಗಿಯ ಮನಸ್ಸಿಗೆ ಒಂದೇ ಗುಣ ಕೊಟ್ಟೆವು. ಅಲ್ಲಿಗೇ ನಿಲ್ಲಿಸಿದರೆ ಮಕ್ಕಳು "ಜನ ದಡ್ಡರು" ಎಂಬ ಪಾಠ ಕಲಿತು ಹೋಗುತ್ತಾರೆ. ಅದಕ್ಕಾಗಿ ಮೂರನೇ ಆಟಕ್ಕೆ ಮುಂಚೆ ಒಂದು ಮನೆಗೆಲಸ ಕೊಟ್ಟೆವು. ಪ್ರತಿಯೊಬ್ಬರೂ ಮನೆಯ ಒಬ್ಬ ಹಿರಿಯರನ್ನು ಕೇಳಿ ಬರಬೇಕು: "ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾವಾಗಲಾದರೂ ಅರ್ಧಕ್ಕೆ ಬಿಟ್ಟಿದ್ದೀರಾ? ಯಾಕೆ?" ಕಾಯಿಲೆಯ ಹೆಸರು ಕೇಳಬಾರದು, ಹೇಳಿದವರ ಹೆಸರು ಬರೆಯಬಾರದು.

ಮರುದಿನ ಬಂದ ಉತ್ತರಗಳನ್ನು ನೋಡಿ. ಆರಾಮ ಆಯ್ತು. ಹೊಟ್ಟೆ ತೊಳಸುತ್ತಿತ್ತು. ಪಕ್ಕದ ಮನೆಯವರು ಏನು ಮಾತ್ರೆ ಅಂತ ಕೇಳಿದರು. ರಮಝಾನ್ ಬಂತು, ಉಪವಾಸ ಇದ್ದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೋಕೆ ಆಗಲಿಲ್ಲ. ಮಗಳ ಮದುವೆ ಮಾತುಕತೆ ನಡೆದಿತ್ತು. ಇವುಗಳಲ್ಲಿ ದಡ್ಡತನ ಎನ್ನುವಂತಹದ್ದು ಯಾವುದಿದೆ?

ಈ ಉತ್ತರಗಳಿಂದಲೇ ಮೂರನೇ ಆಟ. ಒಂದು ಬಟ್ಟಲಲ್ಲಿ 10 ಕಲ್ಲು ಹಾಕಿ. ಇದು ರೋಗಿಯ ಮನೋಬಲ. ಬಟ್ಟಲಲ್ಲಿ 5ಕ್ಕಿಂತ ಕಡಿಮೆಯಾದರೆ ಮಾತ್ರೆ ನಿಲ್ಲುತ್ತದೆ. ನಿಯಮಗಳನ್ನು ಮಕ್ಕಳೇ ಚರ್ಚಿಸಿ ಹೀಗೆ ಇಟ್ಟರು. ಮೊದಲ ತಿಂಗಳ ಹೊಟ್ಟೆ ತೊಳಸಿಗೆ 2 ಕಲ್ಲು ಹೊರಗೆ. ಮುಂಚಿತವಾಗಿ ಯಾರೂ ಹೇಳದೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಆ ಭಯಕ್ಕೆ ಮೊದಲ ತಿಂಗಳೇ ಇನ್ನೂ 3 ಹೊರಗೆ. ಎರಡನೇ ತಿಂಗಳಿನಿಂದ "ಈಗ ಆರಾಮಿದೆಯಲ್ಲ" ಎಂಬ ಭಾವಕ್ಕೆ ಪ್ರತಿ ತಿಂಗಳೂ 3 ಹೊರಗೆ. ಮನೆಯಲ್ಲಿ ಒಬ್ಬರು ದಿನಾ ಪ್ರೀತಿಯಿಂದ ಕೇಳಿ ಮಾತ್ರೆ ಕೊಡುತ್ತಿದ್ದರೆ ಪ್ರತಿ ತಿಂಗಳೂ 2 ಒಳಗೆ.

ನಾಲ್ಕು ಗುಂಪುಗಳು ನಾಲ್ಕು ರೋಗಿಗಳನ್ನು ನೋಡಿಕೊಂಡವು.

ಮೊದಲ ರೋಗಿಗೆ ಯಾರೂ ಏನೂ ಹೇಳಿಲ್ಲ, ಕೇಳುವವರೂ ಇಲ್ಲ. ಕಲ್ಲು 5, ಆಮೇಲೆ 2. ಎರಡನೇ ತಿಂಗಳ ಕೊನೆಗೆ ಮಾತ್ರೆ ನಿಂತಿತು. ನಮ್ಮ ಬೀಡಿ ಕಟ್ಟುವ ತಾಯಿಯ ಕಥೆ ಇದೇ.

ಎರಡನೇ ರೋಗಿಗೆ ಮೂತ್ರದ ಬಣ್ಣದ ವಿಷಯ ಮೊದಲೇ ತಿಳಿಸಿದ್ದಾರೆ, ಆದರೆ ದಿನಾ ಕೇಳುವವರಿಲ್ಲ. 8, 5, 2. ಮೂರನೇ ತಿಂಗಳ ಕೊನೆಗೆ ನಿಂತಿತು.

ಮೂರನೇ ರೋಗಿಗೆ ಕೇಳುವವರಿದ್ದಾರೆ, ಆದರೆ ವಿಷಯ ತಿಳಿಸಿಲ್ಲ. 7, 6, 5, 4. ನಾಲ್ಕನೇ ತಿಂಗಳ ಕೊನೆಗೆ ನಿಂತಿತು.

ನಾಲ್ಕನೇ ರೋಗಿಗೆ ಎರಡೂ ಇದೆ. 10, 9, 8, 7, 6, 5. ಆರು ತಿಂಗಳೂ ಮುಗಿಯಿತು.

ಈ ಅಂಕಿಗಳು ಯಾವ ಸಮೀಕ್ಷೆಯಿಂದಲೂ ಬಂದವಲ್ಲ, ಮಕ್ಕಳು ಊಹಿಸಿದವು. ಬೇರೆ ಅಂಕಿ ಇಟ್ಟು ಆಡಲು ಬಿಡಿ. ಭಯಕ್ಕೆ 3ರ ಬದಲು 1 ಇಟ್ಟರೆ ಏನಾಗುತ್ತದೆ? ನೆರೆಯವರ ಚುಚ್ಚುಮಾತಿಗೂ ಒಂದು ಅಂಕಿ ಇಟ್ಟರೆ? ಯಾವ ಅಂಕಿ ಬದಲಿಸಿದರೆ ಫಲಿತಾಂಶ ತಲೆಕೆಳಗಾಗುತ್ತದೋ ಅಲ್ಲಿ ಹೆಚ್ಚು ಗಮನ ಬೇಕು ಎಂದು ಅವರಿಗೇ ತಿಳಿಯುತ್ತದೆ. ಮಾದರಿಯಿಂದ ಕಲಿಯಬೇಕಾದದ್ದು ಇದನ್ನೇ. ಇದರಿಂದ ಯಾರ ಭವಿಷ್ಯವನ್ನೂ ಹೇಳಲಾಗದು.

ತುಮಕೂರಿನಲ್ಲಿ ಕೇಳಿದ ಪ್ರಶ್ನೆ

ಕೇಳದೆ ಊಹಿಸುವುದರ ಅಪಾಯಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ಕೆಲಸ ಮಾಡಿದ ಸ್ಟಿಗ್ ಆಂಡರ್ಸನ್, ಹ್ಯಾನ್ಸ್ ವಾಲರ್ ಮತ್ತು ಆಂಟನ್ ಗೆಸರ್ ಜೊತೆ ಸೇರಿ 1962ರಲ್ಲಿ ಕ್ಷಯ ಹರಡುವಿಕೆಯ ಗಣಿತ ಮಾದರಿಯೊಂದನ್ನು ಪ್ರಕಟಿಸಿದರು. ಈ ವಿಷಯದ ಆರಂಭದ ಮಾದರಿಗಳಲ್ಲಿ ಅದೊಂದು. ಅದೇ ಆಂಡರ್ಸನ್ ಮತ್ತು ಡಿ. ಬ್ಯಾನರ್ಜಿ ತುಮಕೂರು ಜಿಲ್ಲೆಯ ಹಳ್ಳಿಗಳ ಕ್ಷಯ ರೋಗಿಗಳನ್ನು ಮಾತನಾಡಿಸಿ ನಡೆಸಿದ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು.

ಹಳ್ಳಿಯ ಜನ ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗ ಸಾಮಾನ್ಯ ಅಭಿಪ್ರಾಯವಾಗಿತ್ತು. ಕೇಳಿದಾಗ ಕಂಡದ್ದೇ ಬೇರೆ. ಹೆಚ್ಚಿನ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅದರ ಚಿಂತೆಯೂ ಇತ್ತು. ಅರ್ಧದಷ್ಟು ಮಂದಿ ಆಗಲೇ ವೈದ್ಯಕೀಯ ನೆರವು ಹುಡುಕಿ ಹೋಗಿದ್ದರು. ಅಲ್ಲಿ ರೋಗ ಪತ್ತೆಯಾಗದೆ ಕೆಮ್ಮಿನ ಔಷಧದ ಬಾಟಲಿಯೊಂದಿಗೆ ಮರಳುವಂತಾಗಿತ್ತು. ಇದನ್ನು ಓದಿದಾಗ ನನ್ನ ಲಊಕ್ ಡಬ್ಬಿ ನೆನಪಾಯಿತು. ಅರವತ್ತು ವರ್ಷಗಳ ಹಿಂದಿನ ತಪ್ಪನ್ನು ನಾನು ಮತ್ತೆ ಮಾಡಿದ್ದೆ.

ಹಾಗಾಗಿ ಪಾಠ ಮಾಡುವ ಶಿಕ್ಷಕರು ಒಂದು ವಿಷಯ ಗಮನಿಸಬೇಕು. ಮನಸ್ಸನ್ನು ಮಾದರಿಗೆ ಸೇರಿಸುವಾಗ ರೋಗಿಯ ಮನಸ್ಸು ಮಾತ್ರ ಸಾಲದು. ಆತುರದ ವೈದ್ಯನ ಮನಸ್ಸು, ತಟ್ಟೆ ಲೋಟ ಬೇರೆ ಇಡುವ ಮನೆಯವರ ಮನಸ್ಸು, ಪಿಸುಗುಡುವ ನೆರೆಯವರ ಮನಸ್ಸು, ಎಲ್ಲಕ್ಕೂ ಚಿತ್ರದಲ್ಲಿ ಒಂದೊಂದು ಬಾಣ ಬೇಕು. ನಾಚಿಕೆಯ ಸುತ್ತನ್ನೇ ಬರೆದು ನೋಡಿ: ನಾಚಿಕೆಯಿಂದ ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದರಿಂದ ಚಿಕಿತ್ಸೆ ತಡವಾಗುತ್ತದೆ, ತಡವಾದದ್ದರಿಂದ ರೋಗ ಹೆಚ್ಚಿ ಎದ್ದು ಕಾಣುತ್ತದೆ, ಅದರಿಂದ ನಾಚಿಕೆ ಮತ್ತೂ ಹೆಚ್ಚುತ್ತದೆ. ಈ ಸುತ್ತನ್ನು ರೋಗಿಯೊಬ್ಬರೇ ಕಡಿಯಲಾರರು. ಸುತ್ತಲಿನವರು ಕಡಿಯಬೇಕು.

ಮನೆಯಲ್ಲಿ ನಾವು ಮಾಡಬೇಕಾದದ್ದು

* ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸರಕಾರ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1000 ಆಗಿದೆ.

* ಯುನಾನಿ ಸೇರಿದಂತೆ ಯಾವ ಪದ್ಧತಿಯ ಕೆಮ್ಮಿನ ಔಷಧವೂ ಕ್ಷಯದ ಮಾತ್ರೆಗೆ ಬದಲಿಯಲ್ಲ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

* ಕ್ಷಯ ಹರಡುವುದು ರೋಗಿ ಕೆಮ್ಮಿದಾಗ ಗಾಳಿಯ ಮೂಲಕ. ತಟ್ಟೆ, ಲೋಟ, ಬಟ್ಟೆ, ಕೈಕುಲುಕುವುದರಿಂದ ಅಲ್ಲ. ಕಿಟಕಿ ತೆರೆದಿಡಿ. ರೋಗಿ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲಿ, ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಲಿ. ತಟ್ಟೆ ಬೇರೆ ಇಟ್ಟರೆ ಮನೋಬಲದ ಬಟ್ಟಲಿನ ಕಲ್ಲು ಕಡಿಮೆಯಾಗುವುದು ಬಿಟ್ಟರೆ ಬೇರೆ ಪ್ರಯೋಜನವಿಲ್ಲ.

* ಮಾತ್ರೆ ಶುರುವಾದಾಗ "ಇದರಿಂದ ಏನೇನು ಆಗಬಹುದು?" ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಮೂತ್ರದ ಬಣ್ಣ ಬದಲಾದರೆ ಭಯ ಬೇಡ. ಆದರೆ ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ದೃಷ್ಟಿ ಮಂದವಾಗುವುದು ಕಂಡರೆ ಕೂಡಲೇ ವೈದ್ಯರ ಬಳಿ ಹೋಗಿ. ಮಹಿಳೆಯರಿಗೆ ಪುರುಷ ವೈದ್ಯರಲ್ಲಿ ಕೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯರನ್ನು ಕೇಳಬಹುದು.

* ರಮಝಾನ್‌ನಲ್ಲಿ ಮಾತ್ರೆ ಬಿಡಬೇಡಿ. ರೋಗಿಗಳು ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ಕುರ್‌ಆನ್ ಅನುಮತಿ ನೀಡಿದೆ. ಉಪವಾಸ ಇರಬಹುದೇ, ಇದ್ದರೆ ಮಾತ್ರೆಯ ಸಮಯ ಯಾವುದು ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಹೇಳಲಿ.

* ಮನೆಯ ಒಬ್ಬರು ಮಾತ್ರೆಯ ಜವಾಬ್ದಾರಿ ವಹಿಸಿ. ಪೊಲೀಸರಂತೆ ವಿಚಾರಿಸಬೇಡಿ. ಒಂದು ಲೋಟ ನೀರು ತಂದು ಪಕ್ಕದಲ್ಲಿ ಕೂತರೆ ಸಾಕು.

ಆ ತಾಯಿಗೆ ಮತ್ತೆ ಪರೀಕ್ಷೆಯಾಯಿತು. ಔಷಧಕ್ಕೆ ಬಗ್ಗದ ಕ್ಷಯ ಆಗಿರಲಿಲ್ಲ, ಅಲ್ಹಮ್ದುಲಿಲ್ಲಾಹ್. ಚಿಕಿತ್ಸೆ ಹೊಸದಾಗಿ ಶುರುವಾಯಿತು. ಈ ಸಲ ಮಗಳು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಗುರುತು ಹಾಕುತ್ತಿದ್ದಳು. ಕೊನೆಯ ಮಾತ್ರೆ ಮುಗಿದ ವಾರ ಇಬ್ಬರೂ ದವಾಖಾನೆಗೆ ಬಂದರು. ಆ ತಾಯಿಯ ಹತ್ತಿರ ನಾನು ಕ್ಷಮೆ ಕೇಳಿದೆ. ಅವರು ನಕ್ಕು, "ಮುಂದಿನವರಿಗೆ ಮೊದಲೇ ಹೇಳಿಬಿಡಿ ಡಾಕ್ಟರ್ ಸಾಬ್" ಎಂದರು. ಅಂದಿನಿಂದ ಹೇಳುತ್ತಿದ್ದೇನೆ.